ಎಡಗಡೆಯ ಪಾಸು

14 ಸೆಪ್ಟೆಂಬರ್ 1999, ಮಂಗಳವಾರ

ಏಳೂವರೆಗೇ ಕ್ಲಿನಿಕ್. ಮತ್ತೆ ಅದೇ ಬಲ ಮಂಡಿ. ಐಸು, ಮಸಾಜು, ಇಪ್ಪತ್ತು ಸಲ ಮಡಚಿ ಚಾಚಿಸಿದೆ. ಫುಟ್‌ಬಾಲ್ ಆಟಗಾರ ಜುರಾಂದಿರ್ ಅವರದು. ಬ್ರೆಜಿಲ್‌ನಲ್ಲಿ ಇವರ ಹೆಸರಿಟ್ಟುಕೊಂಡ ಮಕ್ಕಳೇ ಸಾವಿರಾರು ಇದ್ದಾರಂತೆ. ಇಲ್ಲಿ, ಸ್ಯಾನ್ ಹೊಸೆಯಲ್ಲಿ, ರಿಸೆಪ್ಷನಿಸ್ಟ್‌ಗೆ ಸ್ಪೆಲಿಂಗು ಹೇಳಬೇಕು. ಮೂವತ್ತಾರು ವರ್ಷ, ಮೂರು ಆಪರೇಷನ್. 25ಕ್ಕೆ ಇವರ ಕೊನೆಯ ಪಂದ್ಯ. ಆಡಬಹುದೋ ಇಲ್ಲವೋ ಎಂದು ಫಿಸಿಯೊ ಬರೆದುಕೊಡಬೇಕು. ಅಂದರೆ ನಾನು.

17, ಶುಕ್ರವಾರ

ಇವತ್ತು ತಾವಾಗಿಯೇ ಮಾತಾಡಿದರು. ಒಟ್ಟು 312 ಗೋಲು. ಮುಕ್ಕಾಲು ಪಾಲು ತೀಕೊ ಕೊಟ್ಟ ಪಾಸಿನಿಂದ. ಒಂದೇ ಬೀದಿಯವರು. ತೀಕೊ ಎಡಗಡೆ ಓಡುವವನು, ಇವರು ನಡುವೆ. ತೊಂಬತ್ತರಲ್ಲಿ ಟೀಮಿನ ಬಸ್ಸು ಉರುಳಿತು. ತೀಕೊ ಒಬ್ಬನೇ ಸತ್ತ. ಆಮೇಲೆ ಇವರು ಯೂರೋಪಿಗೆ ಹೋದರು... ಎರಡು ವರ್ಷಕ್ಕೆ ಹನ್ನೊಂದು ಗೋಲು. ಜನ ಕೂಗಿ ಹಂಗಿಸಿದರು. ನಂತರ ಜಪಾನ್, ನಂತರ ಇಲ್ಲಿ.

"ಈ ಊರಿಗೆ ಬಂದ್ಮೇಲೆ ಪಾಸು ಮತ್ತೆ ಬರ್ತಿದೆ," ಅಂದರು.

ಯಾರದು ಎಂದು ಕೇಳಲಿಲ್ಲ.

20, ಸೋಮವಾರ

ಓಟ ಹೇಗಿದೆ ನೋಡೋಣವೆಂದು ಇವರು ಅಭ್ಯಾಸ ಮಾಡುವ ಫ್ರೀಮಾಂಟ್ ಮೈದಾನಕ್ಕೆ ಹೋದೆ. ಬೆಳಿಗ್ಗೆ ಎಂಟು. ದಟ್ಟ ಮಂಜು. ಜುರಾಂದಿರ್ ನಡುವೆ ನಿಂತು ಕೈ ಎತ್ತಿದರು. ಎಡಗಡೆಯ ಮಂಜಿನಿಂದ ಚೆಂಡು ಉರುಳಿ ಬಂತು. ಒದ್ದರು. ಗೋಲು. ಮತ್ತೆ ಕೈ ಎತ್ತಿದರು, ಮತ್ತೆ ಬಂತು. ಐದು ಸಲ. ಆಚೆ ಕೋಚ್ ಇದ್ದಾರೆಂದುಕೊಂಡೆ. ಮಂಜು ಸರಿಯಿತು. ಯಾರೂ ಇಲ್ಲ. ಬಲೆಯಲ್ಲಿ ಒಂದೇ ಚೆಂಡು. ಅದನ್ನು ತರಲು ಅವರು ಒಮ್ಮೆಯೂ ಹೋಗಿರಲಿಲ್ಲ.

ಸಂಜೆ ಮನೆಯವರಿಗೆ ಹೇಳಿದೆ. ಶಿವಪ್ರಸಾದ ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. "ಮಂಜಿನಾಗ ಏನ್ ಬೇಕಾದ್ರೂ ಕಾಣ್ತದ, ಉಮಾ. ನಮ್ಮ ಕಂಪನಿ ಐಪಿಒ ಒಂದು ಮುಗೀಲಿ, ಎರಡು ದಿನ ಎಲ್ಲರೆ ಹೋಗಿ ಬರೋಣು."

23, ಗುರುವಾರ

ಎಂಆರ್‌ಐ ಬಂತು. ಲಿಗಮೆಂಟು ನೂಲಿನಷ್ಟು ಉಳಿದಿದೆ. ಒಂದು ಸಲ ಜೋರಾಗಿ ತಿರುಗಿದರೆ ಸಾಕು, ಜೀವನವಿಡೀ ಕೋಲು.

"ಒಂದೇ ಪಂದ್ಯ, ಡಾಕ್ಟರ್. ಅವನು ಕಾಯ್ತಿರ್ತಾನೆ."

ಡಾಕ್ಟರ್ ಅಲ್ಲ ಎಂದು ಎಷ್ಟು ಸಲ ಹೇಳಿದ್ದೇನೋ. 'ಅನ್‌ಫಿಟ್' ಎಂದು ಬರೆದೆ. ಓದಿದರು. ಕಾಗದ ನಾಲ್ಕಾಗಿ ಮಡಚಿ ಜೇಬಿಗಿಟ್ಟರು. ಸಿಟ್ಟಿರಲಿಲ್ಲ, ಅದೇ ಕಷ್ಟ.

"ಹಾಗಾದ್ರೆ ಅವನಿಗೆ ನೀವೇ ಹೇಳಿ. ನನ್ನಿಂದ ಆಗಲ್ಲ."

9 ಅಕ್ಟೋಬರ್, ಶನಿವಾರ, ಬೆಳಿಗ್ಗೆ 8.10

ಫ್ರೀಮಾಂಟ್ ಮೈದಾನದ ಪಕ್ಕ, ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಎರಡು ವಾರದಿಂದ ಈ ರಸ್ತೆ ತಪ್ಪಿಸಿ ಸುತ್ತಿ ಹೋಗುತ್ತಿದ್ದೆ. ಹನ್ನೊಂದೂವರೆಗೆ ಜುರಾಂದಿರ್ ಊರಿಗೆ ಹೊರಡುವ ಫ್ಲೈಟು, ಸ್ಯಾನ್ ಹೊಸೆಯಿಂದ. ತೀಕೊಗೆ ಇವತ್ತು ಹೇಳದಿದ್ದರೆ ಇನ್ನಿಲ್ಲ. ಖಾಲಿ ಮೈದಾನದ ನಡುವೆ ನಿಂತೆ. ಇಂಗ್ಲಿಷು ಬಾಯಿಗೆ ಬರಲಿಲ್ಲ, ಧಾರವಾಡದ ಮಾತೇ ಬಂತು. "ಆಟ ಮುಗೀತಪಾ, ತೀಕೊ. ಅವರ ಕಾಲು ಹೋಗೇತಿ. ಬ್ಯಾಡ ಅಂದಾಕಿ ನಾನು. ಅವರ ಮ್ಯಾಲೆ ಸಿಟ್ಟಾಗಬ್ಯಾಡ."

ಏನೂ ಆಗಲಿಲ್ಲ. ನಾಚಿಕೆಯಾಯಿತು. ಆಮೇಲೆ, ಎಡಗಡೆಯ ಗೆರೆಯಿಂದ, ಇಬ್ಬನಿಯ ಹುಲ್ಲಿನ ಮೇಲೆ ಒಂದೊಂದೇ ಹೆಜ್ಜೆಗುರುತು ಮೂಡಿತು. ನೇರ ನನ್ನ ಕಡೆಗೆ. ಎದುರಿಗೆ ಬಂದು ನಿಂತಿತು. ನಾನು ಓಡಿಹೋಗಿದ್ದರೂ ಅವನು ಇಲ್ಲೇ ಕಾಯುತ್ತಿದ್ದ, ವರ್ಷಗಟ್ಟಲೆ...

"ಅವರು ಇವತ್ತ ಊರಿಗೆ ಹೊಂಟಾರ. ನೀನೂ ಬರ್ತಿಯೇನು?"

ತಿರುಗಿ ನೋಡದೆ ಕಾರಿಗೆ ಬಂದೆ. ಪಕ್ಕದ ಸೀಟಿನ ಫೈಲು ಹಿಂದಕ್ಕೆ ಹಾಕಿದೆ. ಆ ಕಡೆಯ ಬಾಗಿಲು ತೆರೆದು ಹಿಡಿದೆ. ಕಾರು ತುಸು ತಗ್ಗಿತು. ಬಾಗಿಲು ಹಾಕಿದೆ.

ಫ್ರೀವೇ ಖಾಲಿಯಿದ್ದರೆ ಏರ್‌ಪೋರ್ಟಿಗೆ ಅರ್ಧ ಗಂಟೆ. ಬೆಲ್ಟು ಹಾಕಿಕೋ ಎನ್ನಬೇಕೋ ಏನೋ —