ಒಂದು ಸ್ಟಾಪಿಗೆ ಇಪ್ಪತ್ತೊಂಬತ್ತು

ಜೂನ್ ೧೧

ಬಸ್ಸಿನ ಎಡಬದಿಗೆ ಬಣ್ಣ ಹಚ್ಚುವುದು ಬಾಕಿ. ಬೆಳಿಗ್ಗೆಯಿಂದ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೇನೆ, ಕೈ ಓಡುತ್ತಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ. ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ.

ಮಡಿವಾಳೆಪ್ಪ ಕಾಕಾನ ದನಿ ಮಾರಿದವನು ನಾನು.

ಕಾಕಾ ನಮ್ಮ ತಿರ್ಲಾಪುರದ ಬಸ್ಸಿನ ಕಂಡಕ್ಟರ್. ನಮ್ಮ ಓಣಿಯವರೇ. ಪಿಯುಸಿ ಬಿಟ್ಟ ವರ್ಷ, ಮಾಡಲು ಬೇರೆ ಕೆಲಸವಿಲ್ಲದೆ, ಮೊಬೈಲಿನ ಬಸ್ ಗೇಮಿಗೆ ನಮ್ಮ ಕಡೆಯ ಬಸ್ಸುಗಳನ್ನು ಮಾಡತೊಡಗಿದೆ. ಬಣ್ಣ, ಬೋರ್ಡು, ಹಾರ್ನು. ಹುಡುಗರು ಡೌನ್‌ಲೋಡ್ ಮಾಡಿ ತಮ್ಮ ಗೇಮಿನೊಳಗೆ ಹಾಕಿಕೊಳ್ಳುತ್ತಿದ್ದರು. ಎಲ್ಲ ಪುಕ್ಕಟೆ. ಒಂದು ದಿನ ನವಲಗುಂದಕ್ಕೆ ಹೋಗುವಾಗ ಕಂಡಕ್ಟರ್ ಸೀಟಿನ ಹಿಂದೆ ಕುಳಿತು, ರೆಕಾರ್ಡಿಂಗ್ ಆನ್ ಮಾಡಿ ಫೋನನ್ನು ಕಿಸೆಯಲ್ಲಿಟ್ಟೆ. ದಾರಿಯುದ್ದಕ್ಕೂ ಕಾಕಾನ ದನಿ. ಅವರನ್ನು ಕೇಳಲಿಲ್ಲ. ಕೇಳಿದರೆ ನಾಚಿಕೊಂಡು ಸುಮ್ಮನಾಗುತ್ತಾರೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಅದನ್ನು ಹುಬ್ಬಳ್ಳಿಯ ಸಿದ್ಧಾರೂಢನಿಗೆ ಎರಡು ಸಾವಿರಕ್ಕೆ ಕೊಟ್ಟೆ. ಅವನದು ಪೇಯ್ಡ್ ಗ್ರೂಪ್. ಫೈಲಿಗೆ ಪಾಸ್‌ವರ್ಡ್ ಹಾಕಿ ಮಾರುತ್ತಾನೆ. ಬಸ್ಸಿಗೆ ಬೇರೆ, ಹಾರ್ನಿಗೆ ಬೇರೆ, ಬಾಗಿಲ ಸಪ್ಪಳಕ್ಕೆ ಬೇರೆ.

ಹೋದ ತಿಂಗಳು ಕಾಕಾಗೆ ಗಂಟಲ ಆಪರೇಷನ್ ಆಯಿತು. ಗುಟ್ಕಾ... ಧ್ವನಿಪೆಟ್ಟಿಗೆಯನ್ನೇ ತೆಗೆದರಂತೆ. ಇನ್ನು ಮಾತಿಲ್ಲ.

ಜೂನ್ ೧೨, ಬೆಳಿಗ್ಗೆ

ಮಹಾನಂದಾ ಬಂದಿದ್ದಳು. ಕಾಕಾನ ಮಗಳು, ಡಿಗ್ರಿ ಕೊನೆಯ ವರ್ಷ. ಹೊಸ್ತಿಲ ಆಚೆಯೇ ನಿಂತಳು.

"ಮಾಂತ್ಯಾ, ಊರ ಬಸ್ಸೆಲ್ಲಾ ನಿನ್ನ ಹಂತೇಕ ಅದಾವಂತ. ನಮ್ಮಪ್ಪನ ದನಿ ಎಲ್ಲೆರ ಇದ್ರ ನೋಡೋ."

"ನಿಮ್ಮನ್ಯಾಗ ವಿಡಿಯೋ ಇಲ್ಲೇನು?"

"ಅಕ್ಕನ ಲಗ್ನದ್ದೊಂದ ಐತಿ. ಬ್ಯಾಂಡ್ ಬಿಟ್ರ ಏನೂ ಕೇಳೂದಿಲ್ಲ. ದಿನಾ ಬಸ್ಸಿನ್ಯಾಗ ಒದರಿ ಬರ್ತಿದ್ದ, ಮನ್ಯಾಗ ಬಾಯೇ ತೆಗೀತಿದ್ದಿಲ್ಲ. ಫೋನ್‌ನ್ಯಾಗೂ ಅಷ್ಟ — ಹೂಂ. ಆತು. ಇಡು."

ಅಪ್ಪನ ಹಾಗೆಯೇ ದನಿ ದಪ್ಪ ಮಾಡಿ ಹೇಳಿ ನಕ್ಕಳು. ನಗು ಮುಗಿಯಲಿಲ್ಲ, ಮುಖ ಆಚೆ ತಿರುಗಿಸಿದಳು.

"ನೋಡ್ತೇನಿ" ಅಂದೆ. ಸುಳ್ಳಲ್ಲ. ನಿಜವೂ ಅಲ್ಲ. ಇಂಥ ಮಾತು ನಾನು ಆಡಿದವನಲ್ಲ.

ಅವಳು ಹೋದ ಮೇಲೆ ನೆನಪಾಯಿತು. ಆ ದಿನ ಬಸ್ಸಿನಲ್ಲಿ ಅವಳೂ ಇದ್ದಳು. ಕಾಲೇಜ್ ಸ್ಟಾಪಿನಲ್ಲಿ ಇಳಿಯುವಾಗ ಕಾಕಾ ಕೂಗಿದ್ದು ರೆಕಾರ್ಡಿಂಗಿನಲ್ಲಿ ಸ್ವಚ್ಛವಾಗಿ ಕೇಳುತ್ತಿತ್ತು — "ಮಾನಂದವ್ವಾ, ಡಬ್ಬಿ ಬಿಟ್ಟ ಹೊಂಟಿ ನೋಡಬೇ!"

ಜೂನ್ ೧೩

ಸಿದ್ಧಾರೂಢನಿಗೆ ಫೋನ್ ಮಾಡಿದೆ. ಕಾಕಾನ ಆಪರೇಷನ್ ಸುದ್ದಿ ಎಲ್ಲ ಹೇಳಿ, ಇಡೀ ರೆಕಾರ್ಡಿಂಗ್ ವಾಪಸ್ ಕೇಳಿದೆ.

"ನನ್ನ ಹಂತೇಕ ಎಲ್ಲಿ ಇರತೈತೋ? ಬೇಕಾದ್ದು ಕತ್ತರಿಸಿಕೊಂಡು ಉಳದದ್ದು ಅವತ್ತ ಒಗದೇನಿ. ನಿನ್ನ ಕಾಪಿ ತೆಗಿ."

"ನಾ ಅಳಿಸೇನಿ. ನೀನ ಹೇಳಿದ್ದಿ."

ನಮ್ಮ ಲೈನಿನಲ್ಲಿ ಅದೊಂದು ಪದ್ಧತಿ. ಒಬ್ಬನಿಗೇ ಎಂದು ಮಾರಿದರೆ, ವಿಡಿಯೋ ಕಾಲಿನಲ್ಲಿ ತನ್ನ ಕಾಪಿಯನ್ನು ಅಳಿಸಿ ತೋರಿಸಬೇಕು. ತೋರಿಸಿದ್ದೆ. ಕಾಲ್ ಮುಗಿದ ಮೇಲೆ ಪೆನ್‌ಡ್ರೈವಿನಲ್ಲಿ ಇನ್ನೊಂದಿದೆ ಎಂದು ನೆನಪಾಗಿ ಅದನ್ನೂ ಅಳಿಸಿದೆ. ಯಾರೂ ನೋಡುತ್ತಿರಲಿಲ್ಲ.

ಅವನು ಬಿದ್ದು ಬಿದ್ದು ನಕ್ಕ. "ಖರೇನ ಯಾರರ ಅಳಸ್ತಾರೇನಲೇ ಹುಚ್ಚಾ? ಎಲ್ಲಾರೂ ಒಂದು ಮುಚ್ಚಿ ಇಟ್ಕೊಂಡಿರತಾರ."

"ಒಂದ ಕಡೆ ಮಗಳ ಹೆಸರ ಹಿಡದು ಕರದಿದ್ರು..."

"ಅದನ್ನ ಯಾಂವ ಕೊಳ್ತಾನು? ಸ್ಟಾಪಿನ ಹೆಸರ ಹೋಗ್ತಾವು. ಬೇಕಾದ್ರ ಗ್ರೂಪಿಗೆ ಬಾ, ರೊಕ್ಕಾ ಹಾಕಿ ತೊಗೊ. ನಿನಗಂತ ಡಿಸ್ಕೌಂಟ್ ಇಲ್ಲ ಮತ್ತ."

ಜೂನ್ ೧೫

ತೊಗೊಂಡೆ. ಗ್ರೂಪಿನೊಳಗೆ ಬರಲಿಕ್ಕೇ ತೊಂಬತ್ತೊಂಬತ್ತು. ಆಮೇಲೆ ಕಂಡಕ್ಟರ್ ಪ್ಯಾಕ್. ಮೊದಲ ಸ್ಟಾಪು ಫ್ರೀ. ಮುಂದೆ ಒಂದೊಂದು ಸ್ಟಾಪಿಗೆ ಇಪ್ಪತ್ತೊಂಬತ್ತು, ಹಿಂದಿನದು ಕೊಳ್ಳದೆ ಮುಂದಿನದು ತೆರೆಯುವುದಿಲ್ಲ. 'ಇವತ್ತಷ್ಟೇ ಈ ರೇಟು' ಎಂದು ಒಂದು ಗಡಿಯಾರ ಹಿಂದಕ್ಕೆ ಓಡುತ್ತದೆ. ಸೊನ್ನೆಗೆ ಬಂತು. ಮತ್ತೆ ಇಪ್ಪತ್ನಾಲ್ಕು ತಾಸಿನಿಂದ ಶುರುವಾಯಿತು.

ಸಿದ್ಧಾರೂಢ ಕಂಡುಹಿಡಿದ ವಿದ್ಯೆಯಲ್ಲ ಇದು. ದೊಡ್ಡ ಗೇಮುಗಳು ನಮಗೆಲ್ಲ ಕಲಿಸಿದ್ದು. ಅರ್ಧ ಕೊಡು, ಉಳಿದರ್ಧಕ್ಕೆ ಬೀಗ ಹಾಕು. ನಾನೂ ಬೀಗ ತೆಗೆಸಿ ತೆಗೆಸಿಯೇ ದೊಡ್ಡವನಾದೆ.

ಅಗಸಿ ಸ್ಟಾಪ್. ಹಳ್ಳದ ಸ್ಟಾಪ್. ಗಿರಣಿ ಸ್ಟಾಪ್. ಒಂದೊಂದೇ ಕೊಳ್ಳುತ್ತ ಒಂಬತ್ತನೆಯದಕ್ಕೆ ಬಂದೆ. ಒಂದು ಆಸೆ — ಕತ್ತರಿಸುವಾಗ ಚೂರಾದರೂ ಉಳಿದಿರಬಹುದು.

"ಕಾಲೇಜ್, ಕಾಲೇಜ್ ಇಳೀರಿ, ಲಗೂ..."

ಅಷ್ಟೇ. ಲಗೂ ಆದ ಮೇಲೆ ಕಾಕಾ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಯಾರನ್ನು ಕರೆಯಲು ಎಂದು ನನಗೊಬ್ಬನಿಗೇ ಗೊತ್ತು.

ಜೂನ್ ೧೮

ನವಲಗುಂದದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಪೆನ್‌ಡ್ರೈವ್, ಹಳೆಯ ಫೋನ್ ಎರಡೂ ಒಯ್ದಿದ್ದೆ. ಅಳಿಸಿದ್ದು ಮರಳಿ ಸಿಗುತ್ತದೇನೋ ಎಂದು ಅಂಗಡಿಯವನು ಸಂಜೆಯವರೆಗೆ ನೋಡಿದ. "ಅದರ ಮ್ಯಾಲೆ ಎಷ್ಟ ಬಸ್ ತುಂಬೀರಿ! ಹೋತ ಬಿಡ್ರಿ ಅದು."

ಜೂನ್ ೨೪

ಇವತ್ತು ಕಾಕಾನ ಮನೆಗೆ ಹೋದೆ. ಆರು ದಿನ ಅದೇ ಓಣಿಯಲ್ಲಿ ಮುಖ ತಪ್ಪಿಸಿ ಓಡಾಡಿ ಸಾಕಾಗಿತ್ತು.

ಕಾಕಾ ಗೋಡೆಗೆ ಒರಗಿ ಕುಳಿತಿದ್ದರು. ಕೊರಳಲ್ಲಿ ತೂತು, ಮೇಲೆ ತೆಳು ಬಟ್ಟೆ. ತೊಡೆಯ ಮೇಲೆ ಪಾಟಿ, ಬಳಪ. ಮಹಾನಂದಾಗೆ ಫೋನ್ ಕೊಟ್ಟೆ. ಉಳಿದೆರಡನ್ನೂ ಕೊಂಡಿದ್ದೆ. ಹನ್ನೊಂದೂ ಸ್ಟಾಪು ಕೇಳಿದಳು. ಕಾಕಾ ತಮ್ಮ ದನಿ ಬಂದ ಕಡೆ ನೋಡಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದರು.

"ಇದು ಬಸ್ಸಿನ ದನಿ ಆತು" ಅಂದಳು ಮಹಾನಂದಾ. "ಇದನ್ನ ಊರಿಗೆಲ್ಲಾ ಒದರತಿದ್ದ. ಇರಲಿ... ಇಷ್ಟರ ಸಿಕ್ಕತಲ್ಲ. ಎಲ್ಲಿ ಸಿಕ್ತು?"

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವಳು ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ನಾನು ಎಲ್ಲ ಹೇಳಿದೆ. ಕದ್ದು ರೆಕಾರ್ಡ್ ಮಾಡಿದ್ದು, ಮಾರಿದ್ದು, ಅಳಿಸಿದ್ದು. ಡಬ್ಬಿಯ ಮಾತನ್ನೂ ಹೇಳಿದೆ.

"ನನ್ನ ಹೆಸರ ಇತ್ತು?"

"ಇತ್ತು."

"ನೀ ಅಳಿಸಿದಿ?"

"ಹೂಂ."

"ಹೇಳದಿದ್ರ ಏನಾಗತಿತ್ತೋ ನಿನಗ?" ಫೋನನ್ನು ನನ್ನ ಕೈಗೆ ಹಾಕಿದಳು. "ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಫ್ರೀ. ನಮ್ಮಪ್ಪನ ಬಾಯಿಗೆ ಟಿಕೆಟ್ ಹಚ್ಚೀರಿ ನೀವು."

ಕಾಕಾ ಪಾಟಿಯ ಮೇಲೆ ಬರೆದರು: ಎಷ್ಟಕ್ಕ?

"ಎರಡ ಸಾವಿರ ರೀ."

ಅಂಗೈಯಿಂದ ಒರೆಸಿದರು. ಮತ್ತೆ ಬರೆದರು: ಈಗ ಒಂದ ಸ್ಟಾಪಿಗೆ?

"ಇಪ್ಪತ್ತೊಂಬತ್ತು ರೀ."

ಭುಜ ಕುಲುಕಿದವು. ನಗುತ್ತಿದ್ದರೋ ಏನೋ. ಕೊರಳಿನ ಬಟ್ಟೆ ಮಾತ್ರ ಒಳಗೆ ಹೊರಗೆ ಆಡುತ್ತಿತ್ತು. ಬರೆದು ತೋರಿಸಿದರು: ಸರ್ಕಾರಿ ರೇಟಿಗಿಂತ ತುಟ್ಟಿ ಆತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜುಲೈ ೨

ಸಿದ್ಧಾರೂಢನಿಗೆ ಎರಡು ಸಾವಿರ ವಾಪಸ್ ಕೊಡುತ್ತೇನೆ, ಪ್ಯಾಕ್ ತೆಗೆ ಎಂದು ಮೆಸೇಜ್ ಮಾಡಿದ್ದೆ. ಉತ್ತರವಿಲ್ಲ. ಇವತ್ತು ಗ್ರೂಪಿನಲ್ಲಿ ಹಾಕಿದ್ದಾನೆ: 'ಈ ಕಂಡಕ್ಟರ್ ದನಿ ಇನ್ನು ಯಾವತ್ತೂ ಸಿಗುವುದಿಲ್ಲ. ಲಾಸ್ಟ್ ಎಡಿಷನ್. ಒಂದು ಸ್ಟಾಪಿಗೆ ೭೯.' ಕೆಳಗೆ ಅದೇ ಗಡಿಯಾರ.

ಇನ್ನು ಸಿಗುವುದಿಲ್ಲ ಎಂದು ಅವನಿಗೆ ಹೇಳಿದವನು ನಾನೇ. ಅದಕ್ಕೇ ರೇಟು ಏರಿತು.

ಜುಲೈ ೫

ಸಂಜೆ ಶಾಲೆಯ ಕಟ್ಟೆಯ ಮೇಲೆ ಹುಡುಗರು ಗೇಮ್ ಆಡುತ್ತಿದ್ದರು. "ಅಗಸಿ ಇಳೀರಿ, ಅಗಸಿ!" ಕಾಕಾ ಹಾಲು ತರಲು ಹೊರಟವರು ಆ ದನಿಗೆ ನಿಂತರು. ಬಾಯಿ ತೆರೆದು, ಮುಚ್ಚಿಕೊಂಡರು. ಚರಿಗೆಯನ್ನು ಇನ್ನೊಂದು ಕೈಗೆ ಬದಲಿಸಿ ನಡೆದರು.

ಎಡಬದಿ ಬಣ್ಣ ಬಾಕಿ ಇದ್ದ ಬಸ್ಸನ್ನು ಅಳಿಸಿದೆ. ಉಳಿದವನ್ನೂ. ಈ ಸಲವೂ ಯಾರೂ ನೋಡುತ್ತಿರಲಿಲ್ಲ.

ಜುಲೈ ೯

ವಾಸ್ಕೋದಲ್ಲಿ ಮಾಮಾ ಟೈಲ್ಸ್ ಕೂರಿಸುವ ಕೆಲಸದಲ್ಲಿದ್ದಾನೆ. ಬಾ ಎಂದಿದ್ದಾನೆ. ಅವ್ವ ರೊಟ್ಟಿ ಕಟ್ಟಿಟ್ಟಿದ್ದಾಳೆ. "ಡಬ್ಬಿ ಮರೀಬ್ಯಾಡ" ಅಂದಳು, ಸುಮ್ಮನೆ, ಎಲ್ಲ ಅವ್ವಂದಿರೂ ಹೇಳುವ ಹಾಗೆ. ಎದ್ದು ಹೊರಗೆ ಬಂದೆ.

ಬೆಳಿಗ್ಗೆ ಏಳರ ಬಸ್ಸು. ಹೊಸ ಕಂಡಕ್ಟರ್ ಬಂದಿದ್ದಾನಂತೆ. ಕಾಲೇಜ್ ಸ್ಟಾಪ್ ದಾಟಿಯೇ ಹೋಗಬೇಕು.

ನಾಳೆ ಹೋಗುತ್ತೇನೆ.