ಸಿಮೆಂಟ್ ಚೀಲದಲ್ಲಿ ಸೀಸದಕ್ಷರ

ಕೊಟ್ಟೂರು
೯ ಫೆಬ್ರುವರಿ ೨೦೨೫

ಮುದ್ದಿನ ಮಗಳು ನೂರೀನಳಿಗೆ ಅಬ್ಬಾನ ಸಲಾಂ, ಸಾವಿರ ದುವಾ.

ಪುಣೆಯಿಂದ ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ ತಪ್ಪು ನನ್ನದೇ, ಕ್ಷಮಿಸು. ಫೋನಿನಲ್ಲಿ "ನಾಳಿ ಕಳಸ್ತೀನಿ" ಅಂದದ್ದೆಲ್ಲ ಸುಳ್ಳು. ಅಮ್ಮಿ ಆರಾಮ ಇದ್ದಾಳೆ, ಮಂಡಿ ಹಿಡಿದಿದೆ ಅಷ್ಟೇ.

ಐನೂರು ವರ್ಷದ ಹಿಂದೆ ವೆನಿಸ್ಸಿನ ಮೊದಮೊದಲ ಅಚ್ಚಿನವರು ಕಡೆದ ಅಕ್ಷರ ನೋಡಿ ಈಗಿನವರು ಮಾಡಿದ ಅಕ್ಷರಗಳೆಂದು ನೀನು ಕಳಿಸಿದ ಇಂಗ್ಲಿಷ್ ಹಾಳೆಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಭಾಷೆ ಬರದಿದ್ದರೇನು, ಕಣ್ಣಿಗೆ ತಿಳಿಯುತ್ತದೆ. ಆ ಇಂಗ್ಲಿಷಿನ ಸಣ್ಣ 'e'ಯ ನಡುವಿನ ಗೆರೆ ಓರೆಯಾಗಿದೆ, ಲೆಕ್ಕಣಿಕೆ ಹಿಡಿದ ಕೈ ಹೇಗೆ ಹೊರಳುತ್ತದೋ ಹಾಗೆ. ಒಂದಕ್ಷರ ಇನ್ನೊಂದನ್ನು ನೂಕುವುದಿಲ್ಲ. ಕಡೆದವನು ಮರ್ಯಾದಸ್ಥ.

ಹಾಳೆ ಮಡಿಸಿ ಹೊರಗೆ ಬಂದರೆ ನಿನ್ನ ಅಣ್ಣನ ಫ್ಲೆಕ್ಸ್ ಅಂಗಡಿ. ಥೂ! ಯಾರದೋ ಹುಟ್ಟುಹಬ್ಬದ ಶುಭಾಶಯ. ಅಕ್ಷರಗಳು ಬಾವು ಬಂದ ಕಾಲಿನಂತೆ ಉಬ್ಬಿವೆ. ಕೆಂಪು ಅಂಚು, ಅದಕ್ಕೊಂದು ಹಳದಿ ಅಂಚು, ಒತ್ತಕ್ಷರದ ಮೇಲೆ ಯಾರದೋ ತಲೆ.

"ಯಾಕಲೇ ತೌಸೀಫ, ಹಿಂಗ ಎಳದೀಯ?" ಅಂದೆ.

"ಜಾಗ ಉಳದಿತ್ತಲ್ಲ ಅಬ್ಬಾ, ತುಂಬಬೇಕು. ಅಕ್ಷರ ಯಾರ್ ನೋಡ್ತಾರ?" ಅಂದ.

ಮೂವತ್ತು ವರ್ಷ ಪ್ರೆಸ್ಸು ನಡೆಸಿದವನ ಮನೆಯಲ್ಲಿ ಹುಟ್ಟಿದವನ ಮಾತೇ ಇದು!

ಅದಕ್ಕಿಂತ ಅಸಹ್ಯದ ಸಂಗತಿ ಇನ್ನೂ ಇದೆ. ನಿನ್ನ ಅಕ್ಷರವಿನ್ಯಾಸದ ಕೋರ್ಸಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಪ್ರೆಸ್ಸಿನ ಕನ್ನಡ ಅಚ್ಚುಮೊಳೆಗಳನ್ನು ಒತ್ತಿ ತೆಗೆದ ಪ್ರೂಫು ಬೇಕು, ಅದಿಲ್ಲದೆ ಮೇಷ್ಟ್ರು ಒಪ್ಪುವುದಿಲ್ಲ ಎಂದು ಬರೆದಿದ್ದೆಯಲ್ಲ. ಹಿಂದಿನ ಕೋಣೆಗೆ ಹೋಗಿ ನೋಡಿದರೆ ಮೊಳೆ ಇಡುವ ಕೇಸುಗಳಲ್ಲಿ ವಿಸಿಟಿಂಗ್ ಕಾರ್ಡು, ಕೀಚೈನು. ಸೀಸದ ಮೊಳೆಗಳೆಲ್ಲ ಒಂದು ಸಿಮೆಂಟ್ ಚೀಲದಲ್ಲಿ! ಅಚ್ಚಾದ ಮೇಲೆ ಒಂದೊಂದು ಮೊಳೆಯನ್ನೂ ತಿರುಗಿ ಕೇಸಿನಲ್ಲಿ ಅದರದರ ಮನೆಗೆ ಹಾಕಿಯೇ ಊಟಕ್ಕೆ ಏಳುತ್ತಿದ್ದವರು ನಾವು. ಅವನಿಗೂ ಕೈ ಹಿಡಿದು ಕಲಿಸಿದ್ದೆ. ಗೊತ್ತಿದ್ದೂ ಸುರುವಿದ್ದಾನೆ. ಮುಖ ನೋಡಲು ಹೇಸಿ ಎಂಟು ದಿನ ಮಾತು ಬಿಟ್ಟೆ.

ಕೊನೆಗೆ ನಮ್ಮಲ್ಲಿ ಮೊಳೆ ಜೋಡಿಸುತ್ತಿದ್ದ ಹಳೆಯ ಕಂಪೋಜಿಟರ್ ಪಾಲಾಕ್ಷಪ್ಪನನ್ನು ಕರೆಸಿದೆ. ಕಣ್ಣು ಮಂದ, ಬೆರಳು ಇನ್ನೂ ಚುರುಕು. ದಿನಾ ಬೆಳಿಗ್ಗೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಚಾಪೆಯ ಮೇಲೆ ಮೊಳೆ ಹರವಿಕೊಂಡು ಕೂತೆವು. "ನೂರಣ್ಣ, ಅಕ್ಕ್ಯಾಗಿನ ಹರಳಾಗಿದ್ರ ಇಷ್ಟೊತ್ತಿಗೆ ಆರಿಸಿ ಅನ್ನ ಮಾಡಿ ಉಣ್ಣತಿದ್ವಿ ನೋಡು," ಎಂದು ನಗುತ್ತಿದ್ದ. ಅಂತೂ ಎಲ್ಲ ಮನೆ ಸೇರಿದವು. ಪ್ರೂಫು ಇದರ ಜೊತೆಗಿದೆ. ಸವೆದ ಮೊಳೆಗಳನ್ನು ಬೇರೆ ಹಾಳೆಯಲ್ಲಿ ತೆಗೆದಿದ್ದೇನೆ. ಮೇಷ್ಟ್ರಿಗೆ ಧೈರ್ಯವಾಗಿ ತೋರಿಸು.

ಅಲ್ಲಾಹ್ ನಿನ್ನ ಕಣ್ಣು, ಕೈ ಎರಡನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಬ್ಬಾ,
ನೂರ್ ಅಹಮದ್

ತಾ.ಕ.: ಕಾಗದದ ಜೊತೆ ಕಳಿಸಿದ ನಿನ್ನ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಕನ್ನಡದಲ್ಲಿ 'ಮೊಳೆ ಜೋಡಿಸಲು ಕಲಿಸಿದ ಅಬ್ಬಾನಿಗೆ' ಎಂದು ಬರೆದಿದ್ದೀಯ. ಅದನ್ನು ಹೊಡೆದುಹಾಕು. ಒಂಬತ್ತು ವರ್ಷದವಳು ಮೊಳೆಯ ಕೇಸಿಗೆ ಕೈ ಹಾಕಿದೆಯೆಂದು, ಇದು ಹೆಣ್ಣುಮಕ್ಕಳ ಕೆಲಸವಲ್ಲವೆಂದು, ನಿನ್ನ ಬೆರಳ ಮೇಲೆ ಹೊಡೆದವನು ನಾನು. ಆ ಪುಟವನ್ನು ನಾನು ಓದಿ ಹೇಳಿದಾಗ ಪಾಲಾಕ್ಷಪ್ಪ ತಲೆ ತಗ್ಗಿಸಿದ. "ನೀ ಶುಕ್ರವಾರ ನಮಾಜಿಗೆ ಹೋದಾಗ ನಾನ ಕಲಿಸೀನಿ, ನೂರಣ್ಣ. ನಿಂಗ ಹೇಳಬ್ಯಾಡ ಅಂದಿತ್ತು ಕೂಸು," ಅಂದ. ತೌಸೀಫನ ಮೇಲಿನ ಹೇಸಿಗೆಯೆಲ್ಲ ಆಗ ನನ್ನ ಮೇಲೇ ತಿರುಗಿತು. ಅಲ್ಲಿ ಪಾಲಾಕ್ಷಪ್ಪನ ಹೆಸರು ಹಾಕು. ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ನೀನು ಕೈ ಒರೆಸಿಕೊಂಡು ಹಿತ್ತಲಿಗೆ ಓಡಿಬಿಡುತ್ತಿದ್ದೆಯಂತೆ.