ಹಡಗಿನ ವಾರ

ಜೂನ್ 3, ಸೋಮವಾರ. ಮಧ್ಯಾಹ್ನ 1.40

ಪಾಠದ ಎರಡನೇ ತಿಂಗಳು. ತಂಗಿ ಎಂಟಕ್ಕೇ ಗಾರ್ಮೆಂಟ್ಸ್‌ಗೆ ಹೋದಳು. ಸಂಜೆ ಆರರವರೆಗೆ ಅವಳ ಮಗಳು, ನಾಲ್ಕು ವರ್ಷದ ಬುಗುರಿ, ನನ್ನ ವಶ.

ಕಳೆದ ವಾರ ಅಂಗಡಿ ಆಟ. ಮಾಲೀಕಳು ಏನನ್ನೂ ಮಾರಲು ಒಪ್ಪದ್ದರಿಂದ ಕಳೆಯುವ ಲೆಕ್ಕ ಮುಂದೆ ಹೋಗಲಿಲ್ಲ. ಈ ವಾರ ಹಡಗು — ಅವಳ ಅಪ್ಪ ಸರಕು ಹಡಗಿನಲ್ಲಿದ್ದಾನೆ, ಬರುವುದು ಇನ್ನು ಐದು ತಿಂಗಳಿಗೆ. ಎರಡು ಕುರ್ಚಿ, ಒಂದು ಬೆಡ್‌ಶೀಟ್, ಆರು ಡಬ್ಬಿ. ಒಂದೊಂದು ಡಬ್ಬಿಗೆ ಒಂದೊಂದು ಅಕ್ಷರ. ಚೀಟಿ ಓದಿ, 'ಮ'ಕ್ಕೆ ನಾಲ್ಕು ಗುಂಡಿ, 'ಗ'ಕ್ಕೆ ಎರಡು, ಹೀಗೆ ತುಂಬಬೇಕು. ಗುಂಡಿಗಳು ತಂಗಿ ತಂದ ರಿಜೆಕ್ಟ್ ಮಾಲು.

ಓದಿದ್ದು ಸರಿ. ಎಣಿಸಿದ್ದೂ ಸರಿ. ಹಾಕುವಾಗ ಮಾತ್ರ ಅರ್ಧಕ್ಕರ್ಧ ಹೊರಗೆ. ಆತುರ ಬೇಡ ಎಂದೆ. ಮಾಮನ ಡಬ್ಬಿಯೇ ಸರಿಯಿಲ್ಲವಂತೆ.

ಜೂನ್ 4. ಮಧ್ಯಾಹ್ನ

ಇಪ್ಪತ್ತರಲ್ಲಿ ಒಂಬತ್ತು ಹೊರಗೆ. ಒಂಬತ್ತೂ ಡಬ್ಬಿಯ ಈಚೆಗೇ. ಒಂದೂ ಆಚೆಗೆ ಹೋಗಲಿಲ್ಲ.

ಮೂವತ್ತು ವರ್ಷ ತೂಕದ ಯಂತ್ರಗಳನ್ನು ಪರೀಕ್ಷಿಸಿದವನು ನಾನು. ತಪ್ಪು ಅತ್ತಿತ್ತ ಓಲಾಡಿದರೆ ಕೈಯದು. ಒಂದೇ ಕಡೆಗೆ ಬಿದ್ದರೆ ಕಾರಣ ಬೇರೆಲ್ಲೋ ಇದೆ.

ಇಲ್ಲಿಗೆ ನಿಲ್ಲಿಸಬೇಕು. ಕಳೆದ ವರ್ಷ ಮಗುವಿಗೆ ಕಿವಿ ಮಂದ ಎಂದು ಹೇಳಿದವನೂ ನಾನೇ. ಮೂವರು ಡಾಕ್ಟರು, ತಂಗಿಗೆ ಎರಡು ತಿಂಗಳು ನಿದ್ದೆಯಿಲ್ಲ. ಕಿವಿ ಚೆನ್ನಾಗಿಯೇ ಇತ್ತು. ನಾನು ಕರೆದರೆ ತಿರುಗಲು ಅವಳಿಗೆ ಮನಸ್ಸಿರಲಿಲ್ಲ, ಅಷ್ಟೆ. ಪಾಠದ ಹೊಣೆ ನನಗೊಪ್ಪಿಸುವ ಮುಂಚೆ ತಂಗಿ ಒಂದೇ ಷರತ್ತು ಹಾಕಿದಳು: "ಕಲಿಸು ಅಣ್ಣಾ, ಬೇಡ ಅನ್ನಲ್ಲ. ಆದ್ರೆ ನನ್ನ ಮಗಳನ್ನ ಇನ್ನೊಂದ್ಸಲ ತಕ್ಕಡಿಗೆ ಹಾಕ್ಬೇಡ."

ಜೂನ್ 6, ಗುರುವಾರ. ಬೆಳಿಗ್ಗೆ 11.20

ರಟ್ಟಿನ ಕೊಳವೆಯಿಂದ ದುರ್ಬೀನು ಮಾಡಿಕೊಟ್ಟೆ. ಗೋಡೆಯುದ್ದಕ್ಕೂ ಬಂದರುಗಳು, ಒಂದೊಂದಕ್ಕೆ ಒಂದಕ್ಷರ. ಕ್ಯಾಪ್ಟನ್ ಬಲಗಣ್ಣಿಗೆ ಹಿಡಿದು ಹತ್ತನ್ನೂ ಓದಿದಳು. ಈಗ ಈ ಕಣ್ಣಿನಲ್ಲಿ ನೋಡು ಎಂದು ಎಡಗಣ್ಣು ತೋರಿಸಿದೆ. ನನ್ನ ದಡ್ಡತನಕ್ಕೆ ಮರುಗಿದಂತೆ ನೋಡಿದಳು.

"ಅದು ಮಲ್ಗಿರುತ್ತೆ ಮಾಮ."

"ಯಾವಾಗ್ಲೂ?"

"ಹೂಂ. ಇದು ಕೆಲ್ಸ ಮಾಡುತ್ತೆ, ಅದು ಮಲ್ಗುತ್ತೆ. ನಿಂದು ಯಾವ್ದು ಮಲ್ಗೋದು?"

ಎಲ್ಲರಿಗೂ ಹಾಗೇ ಎಂದುಕೊಂಡಿದ್ದಾಳೆ. ನಾಲ್ಕು ವರ್ಷದಿಂದ.

ಬಲಗಣ್ಣು ಮುಚ್ಚಿಸಿದೆ: ಹತ್ತರಲ್ಲಿ ಒಂದು. ಎಡಗಣ್ಣು ಮುಚ್ಚಿಸಿದೆ: ಹತ್ತಕ್ಕೆ ಹತ್ತು. ಅಕ್ಷರಗಳನ್ನು ಅದಲು ಬದಲು ಮಾಡಿ ಮತ್ತೆ. ಬಲ ಮುಚ್ಚಿದರೆ ಒಂದೂ ಇಲ್ಲ. ಬಂದರಿಗೆ ಮಂಜು ಬಿದ್ದಿದೆ, ಹಡಗು ನಿಲ್ಲಿಸಿ ಎಂದು ಅಪ್ಪಣೆಯಾಯಿತು. ಮೂರನೇ ಸಲ ಮಾಡಲಿಲ್ಲ. ದುರ್ಬೀನನ್ನು ಬೀರುವಿನ ಮೇಲಿಟ್ಟೆ.

ಜೂನ್ 14, ಶುಕ್ರವಾರ. ಸಂಜೆ 7

ಎಂಟು ದಿನ ಏನೂ ಬರೆದಿಲ್ಲ. ಹಡಗು ಬಿಟ್ಟು ಹೊಲಿಗೆ ಅಂಗಡಿ ಹಿಡಿದೆವು. ದಾರದುಂಡೆಗಳನ್ನು ಎಣಿಸುತ್ತಾಳೆ, ಹದಿನಾರರವರೆಗೆ. ಸೂಜಿ ತರಲಿಲ್ಲ.

ಗ್ರಂಥಾಲಯದಲ್ಲಿ ಒಂದು ವೈದ್ಯಕೀಯ ಕೈಪಿಡಿ ಓದಿದೆ. ಇಂಥ ಕಣ್ಣನ್ನು ಎಬ್ಬಿಸಲು ಸಾಧ್ಯವಿದೆ, ಚಿಕ್ಕವರಿದ್ದಾಗ ಹೆಚ್ಚು ಸುಲಭ, ತಡವಾದಷ್ಟೂ ಕಷ್ಟ. ಎರಡು ಸಲ ಓದಿದೆ. ನಾನು ಓದುತ್ತಿರುವ ಅನುವಾದಿತ ಕಾದಂಬರಿ 212ನೇ ಪುಟದಲ್ಲೇ ಇದೆ. ಅದರಲ್ಲಿ ಒಬ್ಬಾತ ಗೊತ್ತಿರುವ ಒಂದು ಮಾತು ಹೇಳಲು ಎಂಬತ್ತು ಪುಟ ತೆಗೆದುಕೊಳ್ಳುತ್ತಾನೆ. ಮೊನ್ನೆಯವರೆಗೆ ಲೇಖಕ ಸುಮ್ಮನೆ ಎಳೆಯುತ್ತಿದ್ದಾನೆ ಅನ್ನಿಸಿತ್ತು.

ಈಗ ಅರ್ಧ ಗಂಟೆಯ ಹಿಂದೆ, ಚಹಾದ ಹೊತ್ತಿಗೆ, ಬುಗುರಿ ಅಮ್ಮನ ಮುಖ ಹಿಡಿದು ಕೇಳಿದಳು, ನಿನ್ನ ಯಾವ ಕಣ್ಣು ಮಲಗೋದು ಅಂತ. ತಂಗಿಗೆ ನಗು. "ಏನೇನೆಲ್ಲ ಕಲಿಸ್ತೀಯಪ್ಪಾ ನೀನು," ಎಂದಳು ನನಗೆ. ಎಷ್ಟೋ ದಿನದ ಮೇಲೆ ಹಾಗೆ ನಕ್ಕಿದ್ದು. ಎರಡೂ ಮಲಗ್ತಿವೆ ಕಂದಾ, ನಿಂತಲ್ಲೇ, ಎಂದು ಮಗಳನ್ನು ತೊಡೆಗೆಳೆದುಕೊಂಡಳು.

ನಾನೂ ನಕ್ಕೆ. ಅದನ್ನೂ ಬರೆದಿಡಬೇಕು.

ಜೂನ್ 15, ಶನಿವಾರ. ಮಧ್ಯಾಹ್ನ 2.10

ಮಗು ಮಲಗಿದೆ. ಎರಡು ಕಣ್ಣೂ ಮುಚ್ಚಿವೆ, ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ.

ಕಿವಿಯ ವಿಷಯದಲ್ಲಿ ಹೇಳಿ ತಪ್ಪಿದೆ. ಕಣ್ಣಿನದರಲ್ಲಿ ಹೇಳದೆ ತಪ್ಪುತ್ತಿದ್ದೇನೆ. ಮೊದಲನೆಯದು ತಂಗಿಯ ಎರಡು ತಿಂಗಳನ್ನು ತಿಂದಿತು. ಇದು ತಿನ್ನುವುದು ಮಗುವಿನ ತಿಂಗಳುಗಳನ್ನು.

ತಂಗಿಗೆ ಇವತ್ತು ಅರ್ಧ ದಿನ, ಮೂರೂವರೆಗೆ ಬರುತ್ತಾಳೆ. ಬ್ಯಾಗ್ ಕೆಳಗಿಡುವ ಮುಂಚೆಯೇ ಹೇಳುವುದು. ಅಂಕಿಗಳನ್ನು ತೋರಿಸುವುದಿಲ್ಲ. ಪಾಠ ಬಿಡಿಸಿದರೆ ಬಿಡಿಸಲಿ. ಮಗುವಿನ ಬಲಗಣ್ಣಿಗೆ ತಂಗಿಯೇ ಕೈ ಅಡ್ಡ ಹಿಡಿದು, ಅಮ್ಮ ಕಾಣ್ತಾಳಾ ಎಂದು ಅವಳೇ ಕೇಳಲಿ. ಸೋಮವಾರ ಡಾಕ್ಟರ ಹತ್ತಿರ ಮೂವರೂ. ಅವಳು ನನ್ನನ್ನು ಬೇಡವೆಂದರೆ ಅವರಿಬ್ಬರೇ.

ಮೊದಲ ವಾಕ್ಯ ಸಿದ್ಧವಿದೆ: ಹೋದ ವರ್ಷ ನಾನು ತಪ್ಪು ಹೇಳಿದ್ದೆ. ಎರಡನೆಯದನ್ನು ಐದು ಸಲ ಬರೆದು ಹೊಡೆದುಹಾಕಿದೆ. ಬೇಡ. ಅವಳ ಮುಖ ನೋಡಿಕೊಂಡು ಹೇಳುತ್ತೇನೆ.